ಶುದ್ಧ ಕರೆಂಟು

"ನೀರು ಯಾ ಕಡಿ ಬಿಡ್ಲಿರಿ?" ಎಂದು ಪೀರಾ ಸಾಬ್ ಹಿತ್ತಲಿನ ಚಾದರದ ಮರೆಯಿಂದಲೇ ಕೇಳಿದ.

ಮೊದಲ ತಂಬಿಗೆ ಆಗಲೇ ಸುರಿದಾಗಿತ್ತು. ಹಲಗೆಯ ಮೇಲಿಂದ ಇಳಿದ ನೀರು ಬೋರೆ ಎಲೆಯ ಚೂರುಗಳನ್ನು ಹೊತ್ತುಕೊಂಡು ಯಾರೂ ಹೇಳದೆಯೇ ಗೋಡೆಯ ಬುಡದ ಕಡೆ ಹೊರಟಿತ್ತು. ಮಯ್ಯತ್ತಿಗೆ ಹಾಕಿದ ನೀರನ್ನು ಮಂದಿ ತುಳಿಯಬಾರದು, ಅದಕ್ಕೊಂದು ಗುಂಡಿ ತೆಗೆಯಬೇಕು. ಮಾನ್ವಿಯ ಎಷ್ಟೋ ಹೆಣಗಳಿಗೆ ನೀರು ಹಾಕಿದ ಪೀರಾ ಸಾಬನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಈ ಹಿತ್ತಲಿನಲ್ಲಿ ಆಗಲೇ ಒಂದು ಗುಂಡಿ ಇತ್ತು, ಅದನ್ನು ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ.

ಒಳಗಿನಿಂದ ತೀರಿಕೊಂಡ ಅಮೀರ್ ಸಾಬನ ಹೆಂಡತಿ ಶಹಜಾದಿ ಬೇಗಂಳ ದನಿ ಬಂತು. "ಆ ಗುಂಡಿಗೇ ಬಿಡ್ರಿ. ಅವರದ ಗುಂಡಿ ಅದು."

ಅದು ಅರ್ಥಿಂಗ್ ಗುಂಡಿ. ಮೂರು ಮೊಳ ಆಳ ತೋಡಿ, ತಾಮ್ರದ ಹಾಳೆ ನಿಲ್ಲಿಸಿ, ಸುತ್ತ ಒಂದು ಪದರು ಇದ್ದಿಲು ಒಂದು ಪದರು ಉಪ್ಪು ತುಂಬಿ ಅಮೀರ್ ಸಾಬನೇ ಮುಚ್ಚಿದ್ದು. ಅದರಿಂದೆದ್ದ ತಂತಿ ಗೋಡೆ ಹತ್ತಿ, ಕಿಟಕಿಯ ಸಂದಿನಿಂದ ನಡುಮನೆಗೆ ಹೋಗಿ, ಮೇಜಿನ ಮೇಲೆ ಬಟ್ಟೆ ಹೊದ್ದು ಕುಳಿತ ಟೇಪ್ ಮಷೀನಿಗೆ ಸೇರುತ್ತಿತ್ತು. ಮಣ್ಣು ಹಸಿ ಇದ್ದಷ್ಟೂ ಕರೆಂಟು ಶುದ್ಧ, ಕರೆಂಟು ಶುದ್ಧ ಇದ್ದಷ್ಟೂ ಆವಾಜು ಶುದ್ಧ ಎಂದು ಅವನು ಹೆಂಡತಿಗೆ ಹೇಳಿಕೊಟ್ಟಿದ್ದ. ಆಕೆ ಹನ್ನೆರಡು ವರ್ಷ, ದಿನಾ ಬೆಳಿಗ್ಗೆ, ಕುಡಿಯುವ ನೀರಿಗೇ ತತ್ವಾರ ಇದ್ದ ಬೇಸಿಗೆಯಲ್ಲೂ ತಪ್ಪದೆ ಒಂದು ಕೊಡ ನೀರನ್ನು ಆ ಗುಂಡಿಗೆ ಸುರಿದಿದ್ದಳು.

ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದ ನರಸಿಂಹ ಮಾಸ್ತರ ಆಕೆಯ ಮಾತು ಕೇಳಿ ತಲೆ ತಗ್ಗಿಸಿದ. ಪಕ್ಕದಲ್ಲಿ ನಿಂತಿದ್ದ ಲೈನ್‌ಮನ್ ಉರುಕುಂದಪ್ಪ, ಸುಮ್ಮನಿರಲಾರದವನು, "ಸಾಬ ಕಡೀಗೂ ಅರ್ಥಿಂಗ್ ಬಿಡಲಿಲ್ಲ ನೋಡ್ರಿ ಮಾಸ್ತರ" ಅಂದ. ಯಾರೂ ನಗಲಿಲ್ಲ. ಅವನೇ ಖಾಕಿ ತೋಳಿನಿಂದ ಕಣ್ಣು ಒರೆಸಿಕೊಂಡ.

ಅಮೀರ್ ಸಾಬನಿಗೆ ಐವತ್ತೆಂಟು ವರ್ಷ. ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ರೇಡಿಯೊ ರಿಪೇರಿ ಅಂಗಡಿ. ಬೆಳಗಿನ ನಮಾಜಿಗೆ ಏಳಬೇಕಾದವನು ಎದ್ದಿರಲಿಲ್ಲ, ಅಷ್ಟೇ. ಕೆಮ್ಮಿಲ್ಲ, ನರಳಿಲ್ಲ, ನೀರು ಬೇಡಲಿಲ್ಲ. ಪುಣ್ಯವಂತರ ಸಾವು ಎಂದು ಬಂದವರೆಲ್ಲ ಅನ್ನುತ್ತಿದ್ದರು. ಅಷ್ಟು ಸುಲಭವಾಗಿ ಹೋಗುವ ಹಕ್ಕು ಅವನಿಗಿತ್ತೋ ಇಲ್ಲವೋ, ಆ ಮಾತು ಆಮೇಲೆ.

ದೇವದುರ್ಗದ ಮೊದಲ ಬಸ್ಸಿಗೆ ಅವನ ತಂಗಿ ಹೀರಾಬಿ ಬಂದಿದ್ದಳು. ಜೊತೆಗೆ ಸೈಫುದ್ದೀನ್. ಅವನು ಹೀರಾಬಿಯ ಗಂಡನ ಅಣ್ಣನ ಮಗ, ಒಂದು ಕಾಲಕ್ಕೆ ಈ ಮನೆಯ ಅಳಿಯ. ಅಮೀರ್ ಸಾಬನ ಒಬ್ಬಳೇ ಮಗಳು ಜಾಹೆದಾಳನ್ನು ಅವನಿಗೆ ಕೊಟ್ಟಿತ್ತು. ಸಂಬಂಧ ಕೂಡಿಸಿದವಳು ಹೀರಾಬಿಯೇ. ಜಾಹೆದಾ ತೀರಿಕೊಂಡು ಹನ್ನೆರಡು ವರ್ಷವಾಯಿತು. ಸೈಫುದ್ದೀನ್ ಮತ್ತೆ ಮದುವೆಯಾಗಿ ನಾಲ್ಕು ಮಕ್ಕಳ ತಂದೆಯಾಗಿದ್ದಾನೆ. ಆದರೂ ಪ್ರತಿ ರಂಜಾನಿಗೆ ಶಹಜಾದಿ ಬೇಗಂ ಅವನಿಗೊಂದು ಅಂಗಿ ಬಟ್ಟೆ ಕಳಿಸುವುದನ್ನು ನಿಲ್ಲಿಸಿರಲಿಲ್ಲ. ಮಗಳು ಬಾಳಿದ ಮನೆ ಅನ್ನುತ್ತಿದ್ದಳು.

ಕಫನ್ ಹೊದಿಸುವಷ್ಟರಲ್ಲಿ ನಡುಮನೆಯ ಒಳಬಾಗಿಲಿಗೆ ಹಳೆಯ ಸೀರೆಯ ಪರದೆ ಕಟ್ಟಿದ್ದರು. ಅದರ ಆಚೆ ಹೆಂಗಸರು. ಶಹಜಾದಿ ಬೇಗಂ ಪರದೆಯ ಹತ್ತಿರ ಬಂದು ಮಾಸ್ತರನನ್ನು ಕರೆಸಿದಳು. ಇಪ್ಪತ್ತು ವರ್ಷದಿಂದ ಈ ಮನೆಗೆ ಬಂದು ಹೋಗುತ್ತಿದ್ದ ಮಾಸ್ತರನಿಗೆ ಆಕೆಯ ಮುಖ ಗೊತ್ತಿತ್ತು. ಗಂಡ ಸತ್ತವಳು ಪರಗಂಡಸರಿಗೆ ಕಾಣಿಸಿಕೊಳ್ಳುವಂತಿಲ್ಲ, ಇವತ್ತಿನಿಂದ ದನಿಯಷ್ಟೇ.

"ಮಾಸ್ತರ, ಒಂದು ಮಾತದ. ಇವತ್ತ ನೀವು ಆ ಟೇಪು ಹಚ್ಚಬೇಕು."

ಮಾಸ್ತರ ಮೇಜಿನ ಮೇಲಿನ ಮಷೀನಿನ ಕಡೆ ನೋಡಿದ.

"ಶುದ್ಧ ಕರೆಂಟು ಬರ್ಲಿ, ಜಾಹೆದಾನ ದನಿ ಕೇಳಸ್ತೀನಿ ಅಂತಿದ್ರು. ಅದನ್ನ ತರಾವ್ರೇ ಹೋದ್ರು. ಹೊಲಸ ಇರ್ಲಿ, ಶುದ್ಧ ಇರ್ಲಿ, ಇದ್ದ ಕರೆಂಟಿನಾಗ ಹಚ್ರಿ. ಆಕಿ ಮಾರಿ ಅಂತೂ ಕಡೀಗೆ ನೋಡಲಿಲ್ಲ ನಾ. ದನೀನಾರ ಕೇಳ್ತೀನಿ."

ಹೀರಾಬಿ ನಡುವೆ ಬಾಯಿ ಹಾಕಿದಳು. ಅಣ್ಣನ ಮಯ್ಯತ್ ಇನ್ನೂ ಅಂಗಳದಲ್ಲಿದೆ, ಸಾವಿನ ಮನೆಯಲ್ಲಿ ಬಾಜಾ ಹಚ್ಚುತ್ತಾರೆಯೇ, ನೆಂಟರಿಷ್ಟರು ಏನಂದಾರು ಎಂದು ದಖನಿಯಲ್ಲಿ ದಬಾಯಿಸಿದಳು. ಶಹಜಾದಿ ಬೇಗಂ, ಹಾಗಾದರೆ ಮಣ್ಣಾದ ಮೇಲೆ ಹಚ್ಚಿರಿ ಎಂದು ಮಾಸ್ತರನಿಗೇ ಹೇಳಿದಳು. ನಾಳೆಯಿಂದ ಈ ಮನೆಯೊಳಗೆ ಗಂಡಸರು ಯಾರು ಬರುತ್ತಾರೆ, ಮಷೀನು ಹಚ್ಚಲು ತನಗೆ ಬರುವುದಿಲ್ಲ, ಇವತ್ತು ತಪ್ಪಿದರೆ ತಪ್ಪಿತು ಅಂದಳು.

"ಆತ್ರಿ ಭಾಬಿ" ಅಂದ ಮಾಸ್ತರ. ಕರೆಂಟಿನದು ಏನೂ ತಪ್ಪಿರಲಿಲ್ಲವೆಂದು ಆರು ವರ್ಷದಿಂದ ಅವನಿಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ.

*

ಎಪ್ಪತ್ಮೂರನೇ ಇಸವಿಯ ಚಳಿಗಾಲದಲ್ಲಿ ಶಹಜಾದಿ ಬೇಗಂ ಹೊಟ್ಟೆಯ ಆಪರೇಷನ್ನಿಗೆಂದು ರಾಯಚೂರಿನ ದವಾಖಾನೆಯಲ್ಲಿ ಮಲಗಿದ್ದಳು. ತಂದೆಗೆ ಅಡಿಗೆ ಮಾಡಿ ಹಾಕಲೆಂದು ಜಾಹೆದಾ ದೇವದುರ್ಗದಿಂದ ಹತ್ತು ದಿನಕ್ಕೆ ಬಂದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ವಯಸ್ಸು ಹದಿನೆಂಟು.

ಅಮೀರ್ ಸಾಬ್ ಆಗಷ್ಟೇ ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಿಂದ ಒಂದು ಟೇಪ್ ಮಷೀನು ತಂದಿದ್ದ. ಎರಡು ಚಕ್ರದ್ದು, ಎಂಟು ದೊಡ್ಡ ಸೆಲ್ಲಿನ ಮೇಲೂ ನಡೆಯುವುದು, ಲೈನಿನ ಕರೆಂಟಿನ ಮೇಲೂ ನಡೆಯುವುದು. ಮಗಳ ದನಿ ತುಂಬಿಕೊಂಡು ಹೋಗಿ ದವಾಖಾನೆಯಲ್ಲಿ ಹೆಂಡತಿಗೆ ಕೇಳಿಸಬೇಕೆಂದು ಅವನಿಗೆ ಆಸೆ. ಆಕೆ ಹೊರಡುವ ಹಿಂದಿನ ದಿನ ಸಂಜೆ ನೋಡಿದರೆ ಸೆಲ್ಲು ಮುಗಿದಿದ್ದವು. ಲೈನಿಗೇ ಸಿಕ್ಕಿಸಿದ. ಮಗಳು ಮಾತಾಡುತ್ತಿದ್ದರೆ ಅವನ ಗಮನವೆಲ್ಲ ಮೀಟರಿನ ಮುಳ್ಳಿನ ಮೇಲೇ. ಅರ್ಧ ಮಾತಿಗೆ ಬಂದಿರಬೇಕು, ಮನೆಯ ಹಿಂದಿನ ರೈಸ್ ಮಿಲ್ಲು ಚಾಲೂ ಆಯಿತು. ಕಾಲುವೆ ನೀರು ಬಂದ ಮೇಲೆ ಮಾನ್ವಿಯಲ್ಲಿ ಭತ್ತಕ್ಕೆ ಬರವಿಲ್ಲ, ಮಿಲ್ಲಿಗೆ ಹೊತ್ತುಗೊತ್ತಿಲ್ಲ. ಅದರ ಮೋಟರು ತಿರುಗಿದರೆ ಊರಿನ ರೇಡಿಯೊಗಳೆಲ್ಲ ಗುಂಯ್ ಅನ್ನುತ್ತಿದ್ದವು. ಟೇಪೂ ಗುಂಯ್ ಅಂದಿತು.

ಇದು ನಡೆಯುವುದಿಲ್ಲ, ಮುಂದಿನ ಸಲ ಬಂದಾಗ ಸೆಲ್ ಹಾಕಿ ಮತ್ತೆ ತುಂಬೋಣ ಎಂದು ಅಮೀರ್ ಸಾಬ್ ಟೇಪನ್ನು ಡಬ್ಬಿಗೆ ಹಾಕಿಟ್ಟ. ಮರುದಿನ ಬೆಳಿಗ್ಗೆ ಮಗಳನ್ನು ದೇವದುರ್ಗದ ಬಸ್ಸಿಗೆ ಹತ್ತಿಸಿದ. ಕಿಟಕಿಯ ಸೀಟು ಹಿಡಿದುಕೊಟ್ಟ.

ಇಪ್ಪತ್ತೆರಡನೇ ದಿನಕ್ಕೆ ಸುದ್ದಿ ಬಂತು. ನೀರು ಸೇದಲು ಹೋದವಳು ಕಾಲು ಜಾರಿ ಬಾವಿಗೆ ಬಿದ್ದಳು ಎಂದು. ಶಹಜಾದಿ ಬೇಗಂಳ ಹೊಲಿಗೆ ಇನ್ನೂ ಮಾಗಿರಲಿಲ್ಲ, ಬಸ್ಸಿನಲ್ಲಿ ಕೂಡುವಂತಿರಲಿಲ್ಲ. ಅಮೀರ್ ಸಾಬ್ ಒಬ್ಬನೇ ಹೋದ. ಅವನು ಮುಟ್ಟುವಷ್ಟರಲ್ಲಿ ಎಲ್ಲ ತಯಾರಾಗಿತ್ತು. ಮಣ್ಣು ಕೊಟ್ಟು ರಾತ್ರಿಯ ಬಸ್ಸಿಗೆ ಬಂದು, ಉಗುರಲ್ಲಿ ದೇವದುರ್ಗದ ಮಣ್ಣು ಇಟ್ಟುಕೊಂಡೇ ಹೆಂಡತಿಯ ಎದುರು ಕೂತ.

ನಲವತ್ತನೇ ದಿನದ ಫಾತಿಹಾ ಆದ ಮೇಲೆ ಆಕೆ ಟೇಪಿನ ಮಾತು ತೆಗೆದಳು. ದನಿಯಾದರೂ ಇದೆಯಲ್ಲ, ಕೇಳಿಸಿರಿ ಅಂದಳು. ಅಮೀರ್ ಸಾಬ್ ಮಷೀನನ್ನು ಅಂಗಡಿಗೆ ಒಯ್ದು, ಬಾಗಿಲು ಹಾಕಿಕೊಂಡು ಒಂದಿಡೀ ಮಧ್ಯಾಹ್ನ ಕೂತ. ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲವೆಂದು ಪಕ್ಕದ ಚಹಾದಂಗಡಿಯವರು ಆಮೇಲೂ ಹೇಳುತ್ತಿದ್ದರು. ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಇಷ್ಟೇ: ಬರೀ ಗುಂಯ್ ಅನ್ನುತ್ತದೆ, ಏನೂ ಕೇಳಿಸುವುದಿಲ್ಲ, ಲೈನಿನ ಕರೆಂಟು ಹೊಲಸು. ಶುದ್ಧ ಮಾಡುತ್ತೇನೆ, ಆಮೇಲೆ ಕೇಳುವೆಯಂತೆ.

ಅಲ್ಲಿಂದ ಶುರುವಾಯಿತು ನೋಡಿ. ಮೊದಲು ಹಿತ್ತಲಿನ ಗುಂಡಿ. ಆಮೇಲೆ ಕಂಬದಿಂದ ನೇರ ಮಷೀನಿಗೇ ಬೇರೆ ಲೈನು. ಆಮೇಲೆ ಹೆಬ್ಬೆರಳಿನಷ್ಟು ದಪ್ಪನೆಯ ತಾಮ್ರದ ಕೇಬಲ್ಲು, ಅದಕ್ಕೆ ಸೀಸದ ಕವಚ, ಕವಚದ ಮೇಲೆ ರಬ್ಬರು. ಒಂದು ಶುಕ್ರವಾರ ಉರುಕುಂದಪ್ಪನ ಕೈಕಾಲು ಹಿಡಿದು ರೈಸ್ ಮಿಲ್ಲಿನ ಲೈನನ್ನು ಹತ್ತು ನಿಮಿಷ ತೆಗೆಸಿದ. ಮಿಲ್ಲಿನವರು ಇಬ್ಬರ ವಂಶವನ್ನೂ ಬೈದರು. ಪ್ರತಿ ಸಲ ಮಷೀನಿನ ಮುಂದೆ ಒಬ್ಬನೇ ಕೂತು, ಕಿವಿಗೆ ಹಾಕುವ ಫೋನು ಹಾಕಿಕೊಂಡು ಕೇಳಿ, ಎದ್ದು ಬಂದು, ಇನ್ನೂ ಸ್ವಲ್ಪ ಉಳಿದಿದೆ ಅನ್ನುತ್ತಿದ್ದ. ಶಹಜಾದಿ ಬೇಗಂ ಮರುದಿನ ಬೆಳಿಗ್ಗೆ ಕೊಡ ತುಂಬಿಕೊಂಡು ಹೋಗಿ ಗುಂಡಿಗೆ ಸುರಿಯುತ್ತಿದ್ದಳು.

ಚಹಾದಂಗಡಿಯಲ್ಲಿ ಇದೇ ದೊಡ್ಡ ಚರ್ಚೆ. ಮಾಸ್ತರ ಹೈಸ್ಕೂಲಿಗೆ ವಿಜ್ಞಾನ ಹೇಳುವವನು, ಬಿಡುವವನಲ್ಲ. ಊರಾಚೆಯಿಂದ ಮೈಲಿಗಟ್ಟಲೆ ಸಪೂರ ತಂತಿಯಲ್ಲಿ ಬಂದ ಕರೆಂಟು ಕಡೆಯ ಎರಡು ಮೊಳ ದಪ್ಪ ಕೇಬಲ್ಲಿನಲ್ಲಿ ಹರಿದರೆ ಏನು ಬದಲಾಗುತ್ತದೆ, ಮಷೀನಿನ ಹೊಟ್ಟೆಯೊಳಗೆ ಹೋದ ಮೇಲೆ ಅದನ್ನು ಸೋಸುವ ಸಾಮಾನು ಅಲ್ಲೇ ಇರುತ್ತದೆ ಎಂದು ವಾದಿಸುತ್ತಿದ್ದ. ಅಮೀರ್ ಸಾಬನ ಹತ್ತಿರ ಉತ್ತರ ತಯಾರು. "ಬಾವಿ ನೀರಾಗ ಕುದಿಸಿದ ಅನ್ನಕ್ಕೂ ಕಾಲುವಿ ನೀರಾಗ ಕುದಿಸಿದ ಅನ್ನಕ್ಕೂ ರುಚಿ ಬ್ಯಾರೆ ಅದ ಇಲ್ರಿ ಮಾಸ್ತರ? ಅಕ್ಕಿ ಒಂದ, ಒಲಿ ಒಂದ." ಕೂತವರೆಲ್ಲ ತಲೆ ಆಡಿಸುತ್ತಿದ್ದರು. ಮಾಸ್ತರನ ಮನೆಯ ಹಳೇ ರೇಡಿಯೊಗೆ ಅಮೀರ್ ಸಾಬನೇ ಅರ್ಥಿಂಗ್ ಕೊಟ್ಟು ಗುಂಯ್ ನಿಲ್ಲಿಸಿದ ಮೇಲಂತೂ ಮಾಸ್ತರನೇ ಅರ್ಧ ಸೋತ. ಅರ್ಥಿಂಗ್ ಒಪ್ಪುತ್ತೇನೆ, ಕೇಬಲ್ಲು ಒಪ್ಪುವುದಿಲ್ಲ ಅಂದ. ಅಮೀರ್ ಸಾಬ್ ಸುಳ್ಳುಗಾರನೇನೂ ಆಗಿರಲಿಲ್ಲ. ಅವನ ಕೈಯಿಂದ ಊರಿನ ಎಷ್ಟೋ ರೇಡಿಯೊಗಳು ನೆಟ್ಟಗಾಗಿದ್ದವು.

*

ಎಪ್ಪತ್ತೊಂಬತ್ತರ ದಸರಾ ರಜೆಯಲ್ಲಿ ಮಾಸ್ತರ ಅಂಗಡಿಗೆ ಹೋಗಿ, ಇವತ್ತು ಪರೀಕ್ಷೆ ಮಾಡಿಯೇ ಬಿಡೋಣ ಅಂದ. ಅಮೀರ್ ಸಾಬ್ ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂಡಬೇಕು. ಮಾಸ್ತರ ಒಮ್ಮೆ ದಪ್ಪ ಕೇಬಲ್ಲು, ಒಮ್ಮೆ ಮಾಮೂಲು ವಾಯರು ಹಾಕಿ ರೇಡಿಯೊ ಹಚ್ಚುತ್ತಾನೆ. ಯಾವುದು ಎಂದು ಅವನು ಹೇಳಬೇಕು. ಹತ್ತು ಸಲ.

ಅಮೀರ್ ಸಾಬ್ ನಗುತ್ತಲೇ ಕೂತ. ಹತ್ತರಲ್ಲಿ ನಾಲ್ಕು ಸರಿ ಬಂತು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಅದಕ್ಕಿಂತ ಹೆಚ್ಚು ಬಂದೀತು ಎಂದು ಮಾಸ್ತರ ಚಪ್ಪಾಳೆ ತಟ್ಟಿದ. ಇನ್ನು ಅವನು ಜಗಳಕ್ಕೆ ಬರುತ್ತಾನೆ, ಕಿವಿಯಲ್ಲಿ ನೆಗಡಿ ಸೇರಿದೆ ಅನ್ನುತ್ತಾನೆ, ಕೇಬಲ್ಲು ಇನ್ನೂ ಬಿಸಿಯಾಗಿರಲಿಲ್ಲ ಅನ್ನುತ್ತಾನೆ ಎಂದು ಕಾದ. ಅಮೀರ್ ಸಾಬ್ ಗೋಡೆಯ ಕಡೆಯಿಂದ ತಿರುಗಲೇ ಇಲ್ಲ.

"ಗೊತ್ತದ ಮಾಸ್ತರ" ಅಂದ.

"ಏನ್ ಗೊತ್ತದ?"

"ಕೇಬಲ್ಲಿನಾಗ ಏನೂ ಇಲ್ಲಂತ. ಮದ್ಲಿಂದ ಗೊತ್ತದ."

ಮಾಸ್ತರನ ಗೆಲುವು ಅಲ್ಲೇ ಇಳಿದುಹೋಯಿತು. ಹಾಗಾದರೆ ಆ ಟೇಪಿಗೆ ಸೆಲ್ ಹಾಕಿ ಕೇಳಲಿಲ್ಲವೇ, ಸೆಲ್ಲಿನ ಕರೆಂಟಿನಲ್ಲಿ ಯಾವ ಮಿಲ್ಲಿನ ಮೋಟರೂ ಬರುವುದಿಲ್ಲವಲ್ಲ ಎಂದು ಕೇಳಿದ. ಗುಂಯ್ ಟೇಪಿನಲ್ಲೇ ತುಂಬಿಕೊಂಡಿದ್ದರೆ ಯಾವ ಕರೆಂಟು ತಂದರೂ ಹೋಗುವುದಿಲ್ಲ, ಇದ್ದ ಹಾಗೇ ಭಾಬಿಗೆ ಕೇಳಿಸಿಬಿಡು ಅಂದ.

"ಸೆಲ್ ಹಾಕಿ ಕೇಳೀನ್ರಿ. ಮದ್ಲನೇ ದಿನಾನ."

"ಮತ್ತ? ಆಕಿ ದನಿ ಕೇಳಸ್ತದೇನು?"

ಅಮೀರ್ ಸಾಬ್ ಕೈಯಲ್ಲಿದ್ದ ವಾಯರನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ.

"ಕೇಳಸ್ತದ್ರಿ. ಎಲ್ಲಾ ಕೇಳಸ್ತದ. ಮನಿಯಾಗ ಹೇಳಬ್ಯಾಡ್ರಿ."

ಏನು ಕೇಳಿಸುತ್ತದೆ ಎಂದು ಮಾಸ್ತರ ಕೇಳಬಹುದಾಗಿತ್ತು. ಕೇಳಲಿಲ್ಲ. ಗೋಡೆಗೆ ಮುಖ ಮಾಡಿದ ಆ ಬೆನ್ನನ್ನು ನೋಡಿದ ಮೇಲೆ ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಮುಂದಿನ ವಾರ ಅವನು ರಾಯಚೂರಿಗೆ ಹೊರಟಿದ್ದಾಗ ಅಮೀರ್ ಸಾಬ್ ಮನೆಯ ಬಾಗಿಲಲ್ಲಿ ನಿಂತು, ಹೆಂಡತಿಗೆ ಕೇಳುವಂತೆ, ಬಜಾರಿನಿಂದ ಇನ್ನೊಂದು ನಮೂನೆಯ ಕೇಬಲ್ಲು ತನ್ನಿರಿ ಎಂದು ಹೇಳಿದ. ಮಾಸ್ತರ ತಂದುಕೊಟ್ಟ. ನಿಮ್ಮ ಮಕ್ಕಳಿಗೆ ಒಳ್ಳೇದಾಗಲಿ ಎಂದು ಶಹಜಾದಿ ಬೇಗಂ ಅವನಿಗೆ ದುವಾ ಮಾಡಿದಳು. ಆಮೇಲೆ ಇನ್ನೂ ಮೂರು ಸಲ ತಂದುಕೊಟ್ಟ. ಮೂರು ಸಲವೂ ದುವಾ ಸಿಕ್ಕಿತು.

*

ಮಧ್ಯಾಹ್ನದ ನಮಾಜಿನ ನಂತರ ಡೋಲಾ ಎತ್ತಿದರು. ಮುಂದಿನ ಬಲಗಡೆಯ ಕಾಲಿಗೆ ಸೈಫುದ್ದೀನ್ ಹೆಗಲು ಕೊಟ್ಟ. ಅಳಿಯ ಎಷ್ಟಾದರೂ ಅಳಿಯನೇ, ಎರಡನೇ ಲಗ್ನವಾದರೂ ಋಣ ಮರೆತಿಲ್ಲ ಎಂದು ಮಂದಿ ಮೆಚ್ಚಿಕೊಂಡರು. ಮಾಸ್ತರನೂ ಹೆಗಲು ಕೊಟ್ಟ. ಮನೆಗೆ ಹೋದರೆ ಹೆಂಡತಿ ಕಾವೇರಿಬಾಯಿ ಹಿತ್ತಲ ಬಾಗಿಲಿಗೇ ಬಕೆಟ್ಟು ಇಟ್ಟಿರುತ್ತಾಳೆ, ಸ್ನಾನ ಮಾಡದೆ ಒಳಗೆ ಬಿಡುವುದಿಲ್ಲ. ಇಪ್ಪತ್ತು ವರ್ಷದ ಗೆಳೆಯನಿಗೆ ಅಷ್ಟೂ ಮಾಡದಿದ್ದರೆ ಹೇಗೆ ಎಂದು ಆಕೆಯೇ ಬೆಳಿಗ್ಗೆ ಕಳಿಸಿದ್ದಳು.

ಖಬರಸ್ತಾನದಲ್ಲಿ ಎಲ್ಲರಂತೆ ಅವನೂ ಮೂರು ಹಿಡಿ ಮಣ್ಣು ಹಾಕಿದ. ಎರಡನೇ ಹಿಡಿ ಹಾಕುವಾಗ ಮನಸ್ಸಿನಲ್ಲೇ ಬೈದ. ನೀನು ಹೊರಟುಹೋದೆ, ನನ್ನನ್ನು ಆ ಹೆಣ್ಣುಮಗಳ ಎದುರಿಗೆ ಕೂಡಿಸಿ ಹೋದೆ. ಇದ್ದಾಗಲೇ ಆ ಟೇಪನ್ನು ಸುಟ್ಟು ಹಾಕಬಾರದಿತ್ತೇ? ಆದರೆ ಅದರಲ್ಲಿ ಮಗಳ ದನಿ ಇತ್ತು. ಸುಡಲು ಆಗಲಿಲ್ಲ, ಕೇಳಿಸಲೂ ಆಗಲಿಲ್ಲ. ಹನ್ನೆರಡು ವರ್ಷ ಅವನೊಬ್ಬನೇ ಕಿವಿಗೆ ಫೋನು ಹಾಕಿಕೊಂಡು ಕೇಳಿದ. ಹೆಂಡತಿ ಗೋಡೆಯ ಆಚೆ ಕೊಡ ಹಿಡಿದು ನಿಂತಿರುತ್ತಿದ್ದಳು.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಸೈಫುದ್ದೀನ್ ಸಿಕ್ಕ. ಕೈಯಲ್ಲೊಂದು ಗಂಟು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರು ಕಳಿಸಿದ ಊಟದಲ್ಲೇ ಶಹಜಾದಿ ಬೇಗಂ ಅವನಿಗೆಂದು, ಅವನ ಮಕ್ಕಳಿಗೆಂದು ಕಟ್ಟಿಕೊಟ್ಟಿದ್ದಳು. ಅಮ್ಮಿಯ ಕಡೆ ನಿಗಾ ಇರಲಿ ಮಾಸ್ತರ ಎಂದು ಹೇಳಿ ಅವನು ಬಸ್ ಹತ್ತಿದ. ಕಿಟಕಿಯ ಸೀಟು ಸಿಕ್ಕಿತು.

ಮಾಸ್ತರ ಕಿರಾಣಿ ಅಂಗಡಿಯಲ್ಲಿ ಎಂಟು ದೊಡ್ಡ ಸೆಲ್ಲು ಕೊಂಡ. ಮಷೀನಿನ ಬೆಲ್ಟು ಹರಿದಿದೆ ಎಂದುಬಿಡಬಹುದು. ಟೇಪು ಕೆಟ್ಟಿದೆ ಎಂದುಬಿಡಬಹುದು. ಆಕೆ ನಂಬುತ್ತಾಳೆ, ಹನ್ನೆರಡು ವರ್ಷ ನಂಬಿದವಳು ಇದನ್ನು ನಂಬದೆ ಇರುತ್ತಾಳೆಯೇ? ಆ ಯೋಚನೆಯೇ ಅವನಿಗೆ ಹೇಸಿಗೆ ಹುಟ್ಟಿಸಿತು. ಮನೆಗೆ ಹೋಗಿ ಸ್ನಾನ ಮಾಡುವುದನ್ನೂ ಬಿಟ್ಟು ನೇರ ಅಲ್ಲಿಗೇ ನಡೆದ.

ನಡುಮನೆಯಲ್ಲಿ ಲೋಬಾನದ ಹೊಗೆ ಇನ್ನೂ ಇತ್ತು. ಪರದೆಯ ಆಚೆ ಶಹಜಾದಿ ಬೇಗಂ ಇದ್ದಳು, ಹೀರಾಬಿ ಇದ್ದಳು. ಉಳಿದ ಹೆಂಗಸರು ಎದ್ದು ಹೋಗಿದ್ದರು. ಮಾಸ್ತರ ಮೇಜಿನ ಮೇಲಿನ ಬಟ್ಟೆ ತೆಗೆದ. ಮಷೀನು ಹೊಸದರಂತೆ ಹೊಳೆಯುತ್ತಿತ್ತು. ಹಿಂದೆ ಕೇಬಲ್ಲುಗಳ ದೊಡ್ಡ ಸಿಂಬಿ.

"ಸ್ವಲ್ಪ ತಡೀರಿ ಮಾಸ್ತರ" ಅಂದಳು ಶಹಜಾದಿ ಬೇಗಂ. ಕೊಡ ನೆಲಕ್ಕೆ ತಾಕಿದ ಸದ್ದಾಯಿತು. "ಗುಂಡಿಗೆ ನೀರು ಹಾಕಿ ಬರ್ತೀನಿ. ಮುಂಜಾನಿ ಹೋದದ್ದು ಅವರ ನೀರು. ನನ್ನ ಕೊಡ ಇನ್ನಾ ಹಾಕಿಲ್ಲ."

"ಬ್ಯಾಡ್ರಿ ಭಾಬಿ" ಅಂದ ಮಾಸ್ತರ. "ಸೆಲ್ ತಂದೀನಿ. ಸೆಲ್ಲಿಗೆ ಅರ್ಥಿಂಗ್ ಬೇಕಾಗಂಗಿಲ್ಲ."

ಮಾಸ್ತರ ಒಂದೊಂದೇ ಸೆಲ್ಲು ತುಂಬುತ್ತ ಹೋದ.

"ಸೆಲ್ಲಿನಾಗ ಗುಂಯ್ ಬರಂಗಿಲ್ಲೇನ್ರಿ?"

"ಕರೆಂಟಿನ ಗುಂಯ್ ಬರಂಗಿಲ್ರಿ."

"ಹಂಗಾರ ಇಷ್ಟು ವರ್ಷ ಅವರು ಸೆಲ್ ಯಾಕ ಹಾಕಲಿಲ್ಲ?"

ಮಾಸ್ತರ ಎಂಟನೆಯ ಸೆಲ್ಲನ್ನು ಒತ್ತಿ ಕೂಡಿಸಿದ. ಡಬ್ಬಿಯಿಂದ ಟೇಪು ತೆಗೆದು ಚಕ್ರಕ್ಕೆ ಏರಿಸಿದ. ಆಮೇಲೆ ಬಟನ್ ಒತ್ತಿದ.

ಗುಂಯ್ ಇತ್ತು, ಇಲ್ಲವೆನ್ನುವಂತಿಲ್ಲ. ಪಕ್ಕದ ಮನೆಯಲ್ಲಿ ಜೋಳ ಬೀಸಿದಷ್ಟು. ಜಾಹೆದಾಳ ಒಂದಕ್ಷರವೂ ಅದರಲ್ಲಿ ಮುಳುಗಿರಲಿಲ್ಲ. ಆಕೆ ಇದೇ ಕೋಣೆಯಲ್ಲಿ ಕೂತು ಮಾತಾಡಿದಂತಿತ್ತು, ಕೂತು ಮಾತಾಡಿದ್ದೂ ಇದೇ ಕೋಣೆಯಲ್ಲೇ. ಅಮ್ಮಿ ಎಂದು ಕರೆದಳು. ಹೇಗಿದ್ದೀ ಎಂದು ಕೇಳಿದಳು. ಅಬ್ಬಾನಿಗೆ ಬದನೆಕಾಯಿ ಮಾಡಿ ಹಾಕಿದೆ, ಉಪ್ಪು ಕಡಿಮೆ ಎಂದು ದಿನಾ ಜಗಳ ತೆಗೆಯುತ್ತಾನೆ, ನೀನು ಇವನಿಗೆ ಉಪ್ಪು ತಿನ್ನಿಸಿ ತಿನ್ನಿಸಿ ಕೆಡಿಸಿದ್ದೀ ಎಂದು ದಖನಿಯಲ್ಲಿ ಒಂದೇ ಉಸಿರಿಗೆ ದೂರು ಹೇಳಿದಳು. ಪರದೆಯ ಆಚೆ ಶಹಜಾದಿ ಬೇಗಂ ನಕ್ಕಳು. ಗಂಡನ ಮಣ್ಣಾದ ದಿನ, ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾರದೆ ನಕ್ಕಳು. ಮಾಸ್ತರನಿಗೂ ಒಂದು ಕ್ಷಣ, ಇಷ್ಟೇ ಇರಲಿ ದೇವರೇ, ಇಷ್ಟೇ ಇರಲಿ ಅನ್ನಿಸಿತು.

ಆಮೇಲೆ ಜಾಹೆದಾಳ ದನಿ ಸಣ್ಣದಾಯಿತು. ಅಬ್ಬಾನಿಗೆ ಹೇಳಲು ನಾಚಿಕೆಯಾಗುತ್ತದೆ ಅಮ್ಮಿ, ನಿನಗೆ ಹೇಳುತ್ತೇನೆ, ನೀನೇ ಅವನಿಗೆ ಹೇಳು ಅಂದಳು. ತಂದ ಸಾಮಾನು ಸಾಲದೆಂದು ಗಂಡನ ಮನೆಯವರು ಊಟ ಹಾಕುವುದಿಲ್ಲ, ಕಾಳಿನ ಕೋಣೆಯಲ್ಲಿ ಕೂಡಿ ಹಾಕುತ್ತಾರೆ. ಇಲ್ಲಿಗೆ ಬರುವ ಮೊದಲು ಗಂಡ ಬಾವಿಯ ದಂಡೆಯ ಮೇಲೆ ನಿಲ್ಲಿಸಿ, ಬಗ್ಗಿ ನೋಡು ಅಂದ. ಫೂಫುಗೆ ಹೇಳಿದೆ, ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದಳು.

ಫೂಫು ಅಂದರೆ ಸೋದರತ್ತೆ. ಪರದೆಯ ಆಚೆ ಹೀರಾಬಿಯ ಜಪಮಣಿ ನಿಂತಿತು.

"ಮೇರೆಕೊ ನಕ್ಕೊ ಭೇಜೋ ಅಮ್ಮಿ" ಅಂದಳು ಜಾಹೆದಾ. ನನ್ನನ್ನು ಕಳಿಸಬೇಡಿ.

ಅದರ ಮೇಲೇ ಅಮೀರ್ ಸಾಬನ ದನಿ ಬಿತ್ತು. ಹನ್ನೆರಡು ವರ್ಷ ಹಿಂದಿನ, ಗಟ್ಟಿಮುಟ್ಟಾದ, ಉತ್ಸಾಹದ ದನಿ. "ಠೈರ್, ಠೈರ್!" ಅಂದ, ತಡೆ ಎಂದು. ಗುಂಯ್ ಅನ್ನುತ್ತಿದೆ, ಮಿಲ್ಲು ಚಾಲೂ ಮಾಡಿದರು ಅಂತ ಕಾಣುತ್ತದೆ. ಮಾತು ಬೇಡ, ಸುಮ್ಮನೆ ಎಣಿಸುತ್ತಿರು, ನಾನು ಮುಳ್ಳು ನೋಡುತ್ತೇನೆ ಅಂದ.

ಮೂಗು ಏರಿಸಿಕೊಂಡ ಸದ್ದು. ಆಮೇಲೆ ಜಾಹೆದಾ ಎಣಿಸಿದಳು. ಏಕ್. ದೋ. ತೀನ್. ಚಾರ್. ಹತ್ತರ ತನಕ ಎಣಿಸಿ ನಿಲ್ಲಿಸಿದಳು.

"ಬಸ್ ಕ್ಯಾ ಅಬ್ಬಾ?" ಸಾಕೇ ಎಂದು ಕೇಳಿದಳು.

"ಔರ್ ಏಕ್ ಬಾರ್."

ಮಾಸ್ತರ ಬಟನ್ನಿನ ಕಡೆ ಕೈ ಚಾಚಿದ. ಒಳಗೆ ಹೀರಾಬಿ ಎದ್ದು ಹಿತ್ತಲಿಗೆ ಹೋದ ಹೆಜ್ಜೆ ಕೇಳಿಸಿತು.

"ಬಂದ್ ಮಾಡಬ್ಯಾಡ್ರಿ ಮಾಸ್ತರ" ಅಂದಳು ಶಹಜಾದಿ ಬೇಗಂ. "ಎಣಸ್ಲಿ."

ಗುಂಡಿಗೆಂದು ತುಂಬಿಟ್ಟ ಆಕೆಯ ಕೊಡ ಉರುಳಿದ ಸದ್ದಾಯಿತು. ಪರದೆಯ ಕೆಳಗಿನಿಂದ ನೀರು ಈಚೆ ಹರಿದು ಬಂದು, ಕೇಬಲ್ಲಿನ ಸಿಂಬಿಯ ಕೆಳಗೆ ನುಗ್ಗಿ, ಮಾಸ್ತರನ ಪಾದ ಮುಟ್ಟಿತು. ಅವನು ಕಾಲು ತೆಗೆಯಲಿಲ್ಲ. ಜಾಹೆದಾ ಮತ್ತೆ ಒಂದರಿಂದ ಶುರು ಮಾಡಿದ್ದಳು.